ಒಡೆದ ಬಳೆಯ ಚಿಕ್ಕಿಗಳು

ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಕೃಷ್ಣೆಯ ಮೂಡಣ ದಂಡೆಯ ಒಂದೂರಲ್ಲಿ ಹುಲಿಗೆವ್ವ ಅಂತ ಒಬ್ಬಳಿದ್ದಳಂತೆ. ಗಂಡ ಸತ್ತ ಮೇಲೆ ಅವನ ಹರಿಗೋಲನ್ನು ಅವಳೇ ನಡೆಸಿದಳು. ಅವಳು ಹುಟ್ಟು ಹಾಕಿದರೆ ಮೊಸಳೆಗಳೇ ದಾರಿ ಬಿಡುತ್ತಿದ್ದವು ಅಂತಾರೆ. ಬಿಟ್ಟಿರಬಹುದು; ಅವಳ ಬಾಯಿಗೆ ಹೆದರಿಯೂ ಬಿಟ್ಟಿರಬಹುದು.

ಯುಗಾದಿ ಕಳೆದು ತಿಂಗಳಾದ ಮೇಲೆ, ಕತ್ತಲಾಗುತ್ತಲೇ ಮೂಡಲಿಗೆ ನೋಡಿ. ಸ್ವಾತಿ ನಕ್ಷತ್ರದ ಕೆಳಗೆ, ತುಸು ಎಡಕ್ಕೆ, ಏಳು ಸಣ್ಣ ಚಿಕ್ಕಿಗಳು ಅರ್ಧ ಬಳೆಯ ಹಾಗೆ ಬಾಗಿವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚು ಹೊಳಪು. ಗಂಗವ್ವ ಆಕಾಶದಿಂದ ಇಳಿಯುವಾಗ ಒಡೆದ ಬಳೆ ಅದು ಅಂತಾರೆ. ಅದನ್ನು ನೋಡಿದ ಮುತ್ತೈದೆಯ ಗಂಡ ಉಳಿಯುವುದಿಲ್ಲ ಅಂತ ಆಗಿನ ನಂಬಿಕೆ. ಹೆಂಗಸರು ಅತ್ತ ಕಣ್ಣೆತ್ತುತ್ತಿರಲಿಲ್ಲ. ಹುಲಿಗೆವ್ವನಿಗೆ ಕಳೆದುಕೊಳ್ಳಲು ಗಂಡನಿರಲಿಲ್ಲ, ದಿನಾ ನೋಡುತ್ತಿದ್ದಳು.

ಒಂದು ಸಂಜೆ ನಡುಗಡ್ಡೆಯ ಕಲ್ಲಂಗಡಿ ತೋಟದಲ್ಲಿ ಹೆಂಗಸರು ಉಳಿದುಬಿಟ್ಟಿದ್ದರು. ಹುಲಿಗೆವ್ವನ ಬಸುರಿ ಮಗಳು ತಿಪ್ಪವ್ವನೂ ಅವರಲ್ಲಿದ್ದಳು. ಮೇಲೆಲ್ಲೋ ಅಕಾಲದ ಮಳೆ ಬಿದ್ದು ಹೊಳೆ ಒಮ್ಮೆಲೇ ಏರಿತು. ಹುಲಿಗೆವ್ವ ಹೋಗಿ ಎಲ್ಲರನ್ನೂ ಹರಿಗೋಲಿಗೆ ಹತ್ತಿಸಿಕೊಂಡಳು. ಅಷ್ಟರಲ್ಲಿ ಕತ್ತಲಾಗಿ ದಂಡೆ ಮರೆಯಾಯಿತು. ಹರಿಗೋಲಿಗೆ ಹಿಂದಿಲ್ಲ ಮುಂದಿಲ್ಲ. ಸುಳಿಗೆ ಸಿಕ್ಕು ಗಿರಗಿರ ತಿರುಗತೊಡಗಿತು. ಊರು ಯಾವ ಕಡೆ ಅಂತ ಯಾರಿಗೆ ಗೊತ್ತು? ತಲೆಯ ಮೇಲೆ ಆಕಾಶವೇನೋ ತಿಳಿಯಾಗಿತ್ತು, ಆದರೆ ಹುಲಿಗೆವ್ವ ನೀರಿನಿಂದ ಕಣ್ಣು ತೆಗೆದರೆ ಎಲ್ಲರೂ ಮುಳುಗುತ್ತಿದ್ದರು.

ಒಡೆದ ಬಳೆ ಎತ್ತಾಗೈತಿ, ನೋಡಿ ಹೇಳ್ರಿ, ನಮ್ಮೂರೂ ಅತ್ತಾಗೇ ಐತಿ ಅಂತ ಹುಲಿಗೆವ್ವ ಕೂಗಿದಳಂತೆ. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಸತ್ತರೂ ಮುತ್ತೈದೆಯರಾಗಿ ಸಾಯುತ್ತೇವೆ ಅಂದರಂತೆ. ಹುಲಿಗೆವ್ವನಿಗೆ ಕೆಟ್ಟ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು.

“ತಿಪ್ಪೀ, ನಿಮ್ಮಪ್ಪ ಸಾಯೂತನಕ ನಾನೂ ಅದನ್ನ ಒಮ್ಮೆನೂ ನೋಡಿದ್ದಿಲ್ಲ. ಆದ್ರೂ ಹೋದ,” ಅಂದಳು.

ತಿಪ್ಪವ್ವ ಕಣ್ಣು ತೆರೆದಳು.

“ಅವ್ವಾ, ನಿನ್ನ ಬಲಕ್ಕೈತಿ.” ಹರಿಗೋಲು ತಿರುಗಿತು. “ಈಗ ಬೆನ್ನಿಗೆ ಬಂತು.”

ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ತಲೆಯೆತ್ತಿದರು. ಕೊನೆಗೆ ಎಲ್ಲರೂ ಹೇಳುವವರೇ ಆದರು. ಹುಲಿಗೆವ್ವ ಅವರು ಹೇಳಿದತ್ತಲೇ ಹುಟ್ಟು ಹಾಕಿದಳು.

ದಂಡೆಯಲ್ಲಿ ಗಂಡಸರು ಪಂಜು ಹಿಡಿದು ಎದೆಮಟ್ಟ ನೀರಲ್ಲಿ ನಿಂತಿದ್ದರು. ತಿಪ್ಪವ್ವ ಇಳಿದವಳೇ ಗಂಡನ ಕೆನ್ನೆ ಮುಟ್ಟಿ ನೋಡಿದಳಂತೆ. ಬೆಚ್ಚಗಿತ್ತು. ಉಳಿದವರೂ ತಮ್ಮ ತಮ್ಮ ಗಂಡಂದಿರನ್ನು ಮುಟ್ಟಿ ಮುಟ್ಟಿ ನೋಡಿ ನಕ್ಕರು; ಪಾಪ, ಗಂಡಸರಿಗೆ ಒಂದೂ ತಿಳಿಯಲಿಲ್ಲ. ಹುಲಿಗೆವ್ವ ಮರಳಲ್ಲಿ ಕುಂತು ಮನಸಾರೆ ಅತ್ತು ಹಗುರಾದಳು.

ಇಂದಿಗೂ ಆ ಊರಲ್ಲಿ ಮದುವೆಯ ಸಂಜೆ ಮದುಮಗಳನ್ನು ಹೊಳೆ ದಂಡೆಗೆ ಕರೆದೊಯ್ದು ಆ ಏಳು ಚಿಕ್ಕಿಗಳನ್ನು ತೋರಿಸುತ್ತಾರೆ. ಅಲ್ಲೇ ಹಸಿರು ಬಳೆ ತೊಡಿಸುತ್ತಾರೆ. ಮೊದಲ ಬಳೆ ತೊಡಿಸುವವಳು ಗಂಡ ಸತ್ತವಳೇ ಆಗಿರಬೇಕು.