ಭುಜದ ಮೇಲಿನ ಚಿಟ್ಟೆ

ಕಪಿಲಾ ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಮರಿದೇವಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯೆ ಮಂದಾಕಿನಿ, ಐವತ್ತು ದಾಟಿದ ಹೆಂಗಸು.

ಹಬ್ಬ ಬಂತೆಂದರೆ ಹಳೆಯ ಶಿಷ್ಯರಿಗೆಲ್ಲ ಆಶ್ರಮದಿಂದ ಗ್ರೀಟಿಂಗ್ ಕಾರ್ಡ್ ಹೋಗುತ್ತಿತ್ತು. ಎಲ್ಲವನ್ನೂ ಮಂದಾಕಿನಿಯೇ ಕೈಯಾರೆ ಮಾಡುತ್ತಿದ್ದಳು. ಒಣಗಿಸಿದ ಹೂವು, ಹಳೆ ಸೀರೆಯ ಅಂಚು, ಮದುವೆ ಪತ್ರಿಕೆಯ ಬಂಗಾರದ ಕಾಗದ, ಏನು ಸಿಕ್ಕರೂ ಅವಳ ಕೈಯಲ್ಲಿ ಕಾರ್ಡ್ ಆಗುತ್ತಿತ್ತು. ನೋಡಿದವರು ಬಾಯ್ತುಂಬ ಹೊಗಳುತ್ತಿದ್ದರು. ಹೊಗಳಿಸಿಕೊಳ್ಳುವುದೆಂದರೆ ಅವಳಿಗೆ ಬಲು ಇಷ್ಟ. ಅದನ್ನು ಮುಚ್ಚಿಡುವ ಜಾಣತನವೂ ಅವಳಿಗಿರಲಿಲ್ಲ.

ಆ ವರ್ಷ ಗುರುಪೂರ್ಣಿಮೆಗೆಂದು ದೊಡ್ಡ ಕೆಲಸಕ್ಕೇ ಕೈ ಹಾಕಿದಳು. ಆಶ್ರಮದ ಹಳೆಯ ಫೋಟೋಗಳನ್ನೆಲ್ಲ ಕಲೆಹಾಕಿ, ಬೇಕಾದಷ್ಟೇ ಕತ್ತರಿಸಿ, ಬಣ್ಣದ ಹಾಳೆಗಳ ಮೇಲೆ ಅಂಟಿಸಿ ಒಂದು ಸ್ಕ್ರ್ಯಾಪ್‌ಬುಕ್ ಮಾಡಿದಳು. ಹುಣ್ಣಿಮೆಗೆ ಇನ್ನೂ ಒಂಬತ್ತು ದಿನವಿತ್ತು. ತಡೆಯಲಾರದೆ ಅಂದೇ ಗುರುಗಳ ಮುಂದೆ ತಂದಿಟ್ಟಳು.

ಗುರುಗಳು ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ತಿರುವಿದರು.

“ಅಯ್ಯೋ, ಇದು ನಾನಾ? ಇಷ್ಟೊಂದು ಕೂದಲಿತ್ತಾ ನನಗೆ?”

“ಇತ್ತು ಗುರುಗಳೇ. ಬಾಚಣಿಗೆಯೂ ಇತ್ತು.”

ಇಬ್ಬರೂ ನಕ್ಕರು. ಇನ್ನೂ ನಾಲ್ಕು ಪುಟ ತಿರುವಿ ಗುರುಗಳು ಕೈ ನಿಲ್ಲಿಸಿದರು.

“ಮಂದಾಕಿನಿ, ನನಗೊಂದು ಅನುಮಾನ.”

“ಕೇಳಿ ಗುರುಗಳೇ.”

“ಇಲ್ಲಿ ನೀನು ನದಿ ದಡದಲ್ಲಿದ್ದೀಯ, ಭುಜದ ಮೇಲೊಂದು ಚಿಟ್ಟೆ. ಇಲ್ಲಿ ಅಡುಗೆಮನೆಯಲ್ಲಿದ್ದೀಯ, ಆಗಲೂ ಚಿಟ್ಟೆ. ಇಲ್ಲಿ ಬಸ್ಸಿನೊಳಗೆ, ಅಲ್ಲಿಗೂ ಬಂದಿದೆ. ನಲವತ್ತು ವರ್ಷದಿಂದ ನಾನೂ ಇಲ್ಲೇ ಇದ್ದೀನಿ. ನನ್ನ ಮೇಲೆ ಸೊಳ್ಳೆ ಬಿಟ್ರೆ ಇನ್ನೇನೂ ಕೂತಿಲ್ಲ.”

“ಅದು ಅಲಂಕಾರಕ್ಕೆ ಅಂಟಿಸಿದ್ದು.”

ಗುರುಗಳು ಲೋಟದ ನೀರಿನಲ್ಲಿ ಬೆರಳದ್ದಿ ನದಿ ದಡದ ಫೋಟೋದಲ್ಲಿದ್ದ ಕಾಗದದ ಚಿಟ್ಟೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಅಂಟು ಬಿಟ್ಟು ಚಿಟ್ಟೆ ಮೆತ್ತಗೆ ಎದ್ದು ಬಂತು.

ಅದರಡಿ ಒಂದು ಕೈ ಇತ್ತು. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆ. ಬಳೆಯಿಂದಾಚೆಗೆ ಫೋಟೋವನ್ನು ಕತ್ತರಿಸಲಾಗಿತ್ತು.

“ಯಾರ ಕೈ ಇದು?”

ಮಂದಾಕಿನಿ ತಲೆ ತಗ್ಗಿಸಿದಳು. “ಸರ್ವಮಂಗಳಂದು.”

ಸರ್ವಮಂಗಳ ಮತ್ತು ಮಂದಾಕಿನಿ ಹನ್ನೊಂದು ವರ್ಷ ಜೊತೆಗಿದ್ದವರು. ಒಂದೇ ಕೋಣೆ, ಅಕ್ಕಪಕ್ಕದ ಚಾಪೆ. ಒಬ್ಬಳು ಕತ್ತರಿಸಿದರೆ ಇನ್ನೊಬ್ಬಳು ಅಂಟಿಸುವಳು. ಮೂರು ವರ್ಷದ ಹಿಂದೆ, ಯುಗಾದಿ ಕಾರ್ಡುಗಳನ್ನು ಎಲ್ಲರೂ ಕೂತು ಮಡಚುತ್ತಿದ್ದಾಗ, ಸರ್ವಮಂಗಳ ಒಂದು ಮಾತು ಆಡಿಬಿಟ್ಟಳು. “ನೂರು ಕಾರ್ಡ್ ಮಾಡ್ತೀಯ ಕಣೇ. ಹೊರಗಡೆ ಹೂವು ಬೇರೆ ಬೇರೆ, ಒಳಗಡೆ ಎಲ್ಲರಿಗೂ ಅದೇ ಒಂದು ಸಾಲು!”

ಕೂತವರೆಲ್ಲ ನಕ್ಕರು. ಮಂದಾಕಿನಿ ನಗಲಿಲ್ಲ. ಅಂದಿನಿಂದ ಅವಳ ಜೊತೆ ಮಾತು ಬಿಟ್ಟಳು. ಎರಡು ತಿಂಗಳು ಕಾದು ಸರ್ವಮಂಗಳ ಅರಸೀಕೆರೆಗೆ, ತನ್ನ ಅಣ್ಣನ ಮನೆಗೆ ಹೊರಟುಹೋದಳು. ಆಮೇಲೆ ಆಶ್ರಮದಿಂದ ಊರೂರಿಗೆ ಕಾರ್ಡ್ ಹೋದವು, ಅರಸೀಕೆರೆಗೆ ಮಾತ್ರ ಹೋಗಲಿಲ್ಲ.

“ಅವಳನ್ನ ಅಷ್ಟು ಚೆನ್ನಾಗಿ ಕತ್ತರಿಸಿದ್ದೀಯ,” ಎಂದರು ಗುರುಗಳು. “ಕೈಯೊಂದನ್ನ ಯಾಕೆ ಬಿಟ್ಟೆ?”

“ಕೈ ಕತ್ತರಿಸಿದ್ರೆ ನನ್ನ ಭುಜವೂ ಹೋಗುತ್ತೆ ಗುರುಗಳೇ.”

ಗುರುಗಳು ಹಸಿರು ಬಳೆಯ ಮೇಲೆ ಬೆರಳಿಟ್ಟರು. ಪುಸ್ತಕವನ್ನು ಮುಚ್ಚಲಿಲ್ಲ.

ಬೈದಿದ್ದರೆ ಮಂದಾಕಿನಿ ತಡೆದುಕೊಳ್ಳುತ್ತಿದ್ದಳೇನೋ. ಬೈಯದೇ ಹೋದದ್ದಕ್ಕೆ ಅವಳ ಕಣ್ಣು ತುಂಬಿತು. ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದಳು. ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ಅದು ಬಟ್ಟೆಯಂತೆ ಮೆತ್ತಗಾಗಿತ್ತು.

“ಅವಳು ಬರೆದಿದ್ದಾಳೆ. ಹುಣ್ಣಿಮೆಗೆ ಬರಲಾ ಅಂತ ಕೇಳಿದ್ದಾಳೆ. ನಾನು ಉತ್ತರ ಕೊಡದಿದ್ರೆ ಬೇಡ ಅಂತ ತಿಳ್ಕೊಂಡು, ಮತ್ತೆ ಯಾವತ್ತೂ ಕೇಳಲ್ವಂತೆ.”

“ಬಂದು ಎಷ್ಟು ದಿನ ಆಯ್ತು?”

“ಹದಿನಾಲ್ಕು.”

“ಅವಳು ಬರೋದು ನಿನಗೆ ಇಷ್ಟ ಇಲ್ವಾ?”

“ಇಷ್ಟ ಇಲ್ದೆ ಏನು ಗುರುಗಳೇ! ಅವಳಿಲ್ಲದೆ ನನಗೆ ಒಂದು ಹಬ್ಬವೂ ಹಬ್ಬ ಅನ್ನಿಸಿಲ್ಲ.”

“ಮತ್ತೆ?”

“ಆ ಮಾತು ನೆನೆಸಿಕೊಂಡ್ರೆ ಇನ್ನೂ ನೋಯುತ್ತೆ. ಅದೆಲ್ಲ ಪೂರ್ತಿ ಹೋಗಲಿ, ಆಮೇಲೆ ಸಮಾಧಾನವಾಗಿ ಬರೆಯೋಣ ಅಂತ ಇದ್ದೆ.”

ಗುರುಗಳು ತಲೆಯಾಡಿಸಿದರು. “ಕತ್ತರಿಸಿದ ಚೂರುಗಳನ್ನ ಎಸೆದೆಯಾ?”

“ಇಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೀನಿ.”

“ತಗೊಂಡು ಬಾ.”

ಡಬ್ಬಿಯ ತುಂಬ ಸರ್ವಮಂಗಳ. ಎಲ್ಲದರಲ್ಲೂ ನಗುತ್ತಿದ್ದಳು, ಎಲ್ಲದರಲ್ಲೂ ಒಂದು ಕೈ ಇರಲಿಲ್ಲ. ಗುರುಗಳು ನದಿ ದಡದ ಚೂರನ್ನು ಹುಡುಕಿ, ಪುಟದಲ್ಲಿ ಬಳೆಯ ಪಕ್ಕಕ್ಕೆ ಸರಿಸಿದರು. ಸರಿಯಾಗಿ ಕೂತಿತು.

“ಇದನ್ನ ಕಾರ್ಡ್ ಮಾಡು. ಇಲ್ಲೇ, ನನ್ನ ಎದುರಿಗೆ.”

ಮಂದಾಕಿನಿ ಪುಟದಿಂದ ಫೋಟೋ ಬಿಡಿಸಿದಳು. ದಪ್ಪ ಕಾಗದವನ್ನು ಎರಡಾಗಿ ಮಡಚಿ ಮೇಲೆ ಎರಡು ತುಂಡನ್ನೂ ಸೇರಿಸಿ ಅಂಟಿಸಿದಳು. ನಡುವೆ ಕತ್ತರಿಯ ಗೀಟು ಎದ್ದು ಕಾಣುತ್ತಿತ್ತು. ಅವಳ ಕೈ ತಾನಾಗಿಯೇ ಜರಿಯ ಪಟ್ಟಿಗೆ ಹೋಯಿತು.

“ಅದ್ಯಾಕೆ?”

“ಗೀಟು ಅಸಹ್ಯವಾಗಿ ಕಾಣುತ್ತೆ. ಮುಚ್ಚಿಬಿಡ್ತೀನಿ.”

“ಕತ್ತರಿಸಿದ್ದು ನೀನು ತಾನೇ? ಅವಳಿಗೂ ಕಾಣಲಿ.”

ಜರಿಯನ್ನು ಕೆಳಗಿಟ್ಟಳು. ಇಡುವಾಗ ಹೊಟ್ಟೆ ಉರಿಯಿತು ಪಾಪ, ಒಳ್ಳೇ ಜರಿ ಅದು.

ಕಾರ್ಡ್ ತೆರೆದು ಪೆನ್ನು ಹಿಡಿದಳು. ಪೆನ್ನಿನ ತುದಿಗೆ ಹಬ್ಬದ ಆ ಹಳೆಯ ಸಾಲೇ ಬಂದು ನಿಂತಿತು.

“ಏನು ಬರೀಲಿ ಗುರುಗಳೇ?”

“ಅದನ್ನೂ ನಾನೇ ಹೇಳಿಕೊಟ್ರೆ ಇದು ನೂರಾ ಒಂದನೇ ಕಾರ್ಡ್ ಆಗುತ್ತೆ.”

ಒಮ್ಮೆ ಅತ್ತಳು, ಒಮ್ಮೆ ತಾನೇ ನಕ್ಕಳು. ಕೊನೆಗೆ ಬರೆದಳು: “ಮಂಗಳ, ನೀನು ಅಂದದ್ದು ನಿಜ, ಅದಕ್ಕೇ ನನಗೆ ಅಷ್ಟು ಉರಿಯಿತು. ನಿನ್ನ ಚಾಪೆಯನ್ನು ಯಾರಿಗೂ ಕೊಟ್ಟಿಲ್ಲ. ಬಾರೇ.”

ಅಷ್ಟರಲ್ಲಿ ಗೇಟಿನ ಬಳಿ ಸೈಕಲ್ ಬೆಲ್ ಕೇಳಿಸಿತು. ಅಂಚೆಯವನು ಅಲ್ಲಿಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ. ಇವತ್ತು ತಪ್ಪಿದರೆ ಕಾರ್ಡ್ ಹುಣ್ಣಿಮೆಯೊಳಗೆ ಅರಸೀಕೆರೆ ಮುಟ್ಟುವುದಿಲ್ಲ.

ಮಂದಾಕಿನಿ ಗಾಬರಿಯಿಂದ ಕಾರ್ಡಿನ ಮೇಲೆ ಊದತೊಡಗಿದಳು.

“ಗುರುಗಳೇ, ಅಂಟು ಇನ್ನೂ ಹಸಿ ಇದೆ. ಈಗಲೇ ಲಕೋಟೆಗೆ ಹಾಕಿದ್ರೆ ಕೆಟ್ಟುಹೋಗುತ್ತೆ. ಒಣಗಲಿ, ಆಮೇಲೆ ಹೇಗಾದರೂ ಕಳಿಸೋಣ.”

ಗುರುಗಳು ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಲಕೋಟೆಗೆ ಹಾಕಿದರು. ಲಕೋಟೆಯನ್ನು ಮತ್ತೆ ಅವಳ ಕೈಗೇ ಕೊಟ್ಟು, ಅವಳ ತಲೆ ನೇವರಿಸಿದರು.

“ಹಸಿ ಇರುವಾಗಲೇ ಕಳಿಸು ಮಗಳೇ. ಒಣಗಲಿ ಅಂತ ಮೂರು ವರ್ಷ ಕಾದೆಯಲ್ಲ, ಒಣಗಿತಾ?”