ಗಾಜಿನ ಕೊಳದ ಕೊಳವೆ, ಬೈಚನ ನಾಚಿಕೆ

"ಕುಂದಣಗಿರಿಯ ಪ್ರಜೆಗಳೇ, ಕಿವಿಗೊಟ್ಟು ಕೇಳಿ! ಅರಮನೆಯಲ್ಲಿ ಹೊಸದಾಗಿ ಮಾಡಿಸಿದ ಮೀನಿನ ಗಾಜುಕೊಳದ ಮುಂದೆ ರಾಜಕುಮಾರಿ ಕೇತಲದೇವಿಯವರು ಮೂರು ಒಗಟು ಹೇಳುತ್ತಾರೆ. ಬಿಡಿಸಿದವನಿಗೆ ರಾಜಕುಮಾರಿಯೊಡನೆ ಮದುವೆ, ರಾಜ್ಯದಲ್ಲಿ ಪಾಲು. ತಪ್ಪಿದವನ ತಲೆ ಹುಣ್ಣಿಮೆಯ ದಿನ ಹೋಗುತ್ತದೆ!"

ಡಂಗುರದವನು 'ಹೊಸದಾಗಿ' ಎಂಬುದನ್ನು ಎರಡೆರಡು ಸಲ ಹೇಳಿದ. ರಾಜ ಬಿಜ್ಜರಸನ ಅಪ್ಪಣೆಯೇ ಹಾಗಿತ್ತು. ನಿಜಕ್ಕೆ ಆ ಕೊಳ, ನೆರೆಯ ದೊರೆ ದಿವಾಳಿಯೆದ್ದು ಅರಮನೆಯ ಸಾಮಾನು ಹರಾಜು ಹಾಕಿದಾಗ ಹೊತ್ತು ತಂದದ್ದು. ಹರಾಜಿನ ಮಾಲೆಂದು ಯಾವ ರಾಜ ತಾನೇ ಹೇಳಿಕೊಂಡಾನು? ತಂದ ಮೇಲೆ ಎರಡು ಸಲ ನೀರೆಲ್ಲ ತಾನಾಗಿ ಬಸಿದುಹೋಗಿ, ಮೀನುಗಳು ತಳದಲ್ಲಿ ಬಾಯಿಬಿಟ್ಟು ಸತ್ತಿದ್ದವು.

ಗುಂಪಿನಲ್ಲಿದ್ದ ಬೈಚನಿಗೆ ಆ ಹರಾಜಿನ ಸುದ್ದಿ ಮೊದಲೇ ಗೊತ್ತಿತ್ತು. ಅವನು ಕೊಳವೆ ಕೂಡಿಸುವವನು. ಐದು ವರ್ಷದ ಹಿಂದೆ, ಆ ನೆರೆಯ ಅರಮನೆಯಲ್ಲಿ, ಅದೇ ಕೊಳಕ್ಕೆ ಹೆಚ್ಚಾದ ನೀರು ಹೊರಹೋಗುವ ಕೊಳವೆ ಕೂಡಿಸಿದವನು ಅವನೇ. ಅಲ್ಲಿಯೂ ಮೀನು ಸತ್ತವೆಂದು ಕೇಳಿ ಊರು ಬಿಟ್ಟಿದ್ದ. ತಪ್ಪು ಎಲ್ಲಾಯಿತೆಂದು ದಾರಿಯಲ್ಲೇ ಹೊಳೆದಿತ್ತು. ಹಿಂದಿರುಗಿ ಹೋಗಿ ಹೇಳಲು ಮುಖವಿರಲಿಲ್ಲ.

ಸುಮ್ಮನೆ ನೋಡಿ ಬರೋಣವೆಂದು ಅರಮನೆಗೆ ಹೋದ.

ಕೇತಲದೇವಿ ಮೊದಲ ಒಗಟು ಹೇಳುತ್ತಿದ್ದಳು. "ಎದುರಿಗಿರುವುದು ಕಂಠಮಟ್ಟ ತುಂಬುವ ತನಕ ಕುಡಿಯುವುದಿಲ್ಲ. ಕುಡಿಯಲು ಹತ್ತಿದರೆ ತಳ ಕಾಣುವ ತನಕ ಬಿಡುವುದಿಲ್ಲ. ಕೊನೆಗೆ ಗೊರಕೆ ಹೊಡೆಯುತ್ತಾನೆ. ಯಾರು?"

"ನಿಮ್ಮ ಸೇನಾಪತಿ!" ಎಂದ ತೆಂಕಣ ದೇಶದ ಯುವರಾಜ. ಸಭೆ ನಕ್ಕಿತು, ಸೇನಾಪತಿ ನಗಲಿಲ್ಲ.

"ಅವರು ತುಂಬುವ ತನಕ ಕಾಯುವುದಿಲ್ಲ," ಎಂದಳು. ಯುವರಾಜನನ್ನು ಕಂಬಕ್ಕೆ ಕಟ್ಟಿದರು.

"ಬೇಸಿಗೆಯ ಸೂರ್ಯ," ಎಂದ ಪಡುವಣದವನು, ಮೀಸೆ ತೀಡುತ್ತ.

"ಸೂರ್ಯ ಗೊರಕೆ ಹೊಡೆದದ್ದನ್ನು ಎಲ್ಲಿ ಕೇಳಿಸಿಕೊಂಡಿರಿ?" ಅವನಿಗೂ ಒಂದು ಕಂಬ ಸಿಕ್ಕಿತು.

ಬಂದವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ಬೆನ್ನ ಹಿಂದಿದ್ದ ಕೊಳದ ಕೊಳವೆಯನ್ನು ನೋಡಿದವನು ಬೈಚನೊಬ್ಬನೇ. ಕಟ್ಟಿಸಿಕೊಂಡ ಇಬ್ಬರು ಹುಡುಗರು ಬೆವರುವುದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ಅಮ್ಮಣ್ಣಿ, ಅದು ಬಾಗಿದ ಕೊಳವೆ. ತಳದಿಂದ ಎದ್ದು, ಅಂಚಿನ ಮಟ್ಟದಲ್ಲಿ ಬಾಗಿ, ಹೊರಗೆ ಇಳಿಯುತ್ತದೆ. ನೀರು ಬಾಗಿನ ತನಕ ಏರಿದರೆ ಎಳೆಯಲು ಹತ್ತುತ್ತದೆ. ನೀರು ತಳ ಮುಟ್ಟಿದಾಗ ಗಾಳಿ ಸೇರಿ ಗೊರಗೊರ ಎನ್ನುತ್ತದೆ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎರಡನೆಯದು. ತೂತು ಬಿದ್ದು ಕೆಟ್ಟದ್ದನ್ನು ಲೋಕವೆಲ್ಲ ಕಂಡಿದೆ. ತೂತಿಲ್ಲದ್ದಕ್ಕೇ ಕೊಲೆಗಾರನಾದದ್ದು ಯಾವುದು?"

"ಅದೇ ಕೊಳವೆ. ಬಾಗಿನ ನೆತ್ತಿಯಲ್ಲಿ ಉಸಿರಿನ ತೂತಿರಬೇಕು. ಗಾಳಿ ನುಗ್ಗಿದರೆ ಹೆಚ್ಚಾದ ನೀರಷ್ಟೇ ಹೋಗಿ ನಿಲ್ಲುತ್ತದೆ. ಇಲ್ಲದಿದ್ದರೆ ಮೀನಿನ ನೀರನ್ನೂ ಎಳೆದುಬಿಡುತ್ತದೆ."

"ಮೂರನೆಯದು. ಆ ಉಸಿರು ಕಟ್ಟಿಸಿದವನು ಅಲ್ಲೇ ಇದ್ದಾನೆ. ಕಾಲಿಲ್ಲ, ಓಡಿಹೋಗಿಲ್ಲ. ಬಾಯಿಲ್ಲ, ಆದರೂ ತಾನು ಯಾರೆಂದು ಹೇಳುತ್ತಾನೆ. ಯಾರು?"

ಬೈಚನ ಕಿವಿ ಕೆಂಪಾಯಿತು. ಹೇಳದಿದ್ದರೆ ತಲೆ ಹೋಗುತ್ತದೆ. ಹೇಳಿದರೆ ತನ್ನ ಮಾನದ ಜೊತೆಗೆ ರಾಜನ 'ಹೊಸ' ಕೊಳದ ಮಾನವೂ ಹೋಗುತ್ತದೆ. ಆಮೇಲೆ ತಲೆ ಉಳಿದೀತೆಂಬ ನೆಚ್ಚಿಕೆಯೂ ಇಲ್ಲ.

"ಹೆಬ್ಬೆರಳಿನ ಗುರುತು, ಅಮ್ಮಣ್ಣಿ," ಎಂದ, ನೆಲ ನೋಡುತ್ತ. "ನೀರು ಮೂರು ಸಲ ತುಂಬಿಸಿ, ಮೂರು ಸಲ ಬಿಟ್ಟು ನೋಡಿದ ಮೇಲೆ ಹಸಿ ಗಾರೆಯಲ್ಲಿ ಹೆಬ್ಬೆರಳು ಒತ್ತುವುದು ನಮ್ಮವರ ಪದ್ಧತಿ. ನಾನು ಒಂದೇ ಸಲ ನೋಡಿದೆ. ಎಲ್ಲರಿಗೂ ಕಾಣಲಿ ಎಂದು ನೆತ್ತಿಯ ಮೇಲೇ ಒತ್ತಿದೆ. ಗಾರೆ ಜಾರಿ ತೂತಿನೊಳಗೆ ಕೂತಿತು. ಐದು ವರ್ಷವಾಯಿತು. ಬೆರಳು ಇದೇ." ಕೈ ಚಾಚಿದ.

ಐದು ವರ್ಷವೆಂದರೆ ಕೊಳ ಹೊಸದಲ್ಲವೆಂದು ಎಲ್ಲರಿಗೂ ಅರ್ಥವಾಗಿತ್ತು.

"ಅಪ್ಪಾಜಿ," ಎಂದಳು ಕೇತಲದೇವಿ, "ಉತ್ತರ ಸರಿಯೋ ತಪ್ಪೋ, ನೀವೇ ಹೇಳಿ."

ತಪ್ಪು ಎಂದರೆ ಸಾಕಿತ್ತು, ಬೈಚನ ತಲೆಯ ಜೊತೆ ಆ ಮಾತೂ ಮುಗಿಯುತ್ತಿತ್ತು. ಬಿಜ್ಜರಸ ಕಿರೀಟ ಸರಿಮಾಡಿಕೊಂಡ, ಕೆಮ್ಮಿದ, ಬೈಚನ ಕೈ ನೋಡಿದ.

"ಸರಿ," ಎಂದ ಕೊನೆಗೆ, ತೀರ ಸಣ್ಣ ದನಿಯಲ್ಲಿ. "ಹರಾಜಿನಲ್ಲಿ ತಂದದ್ದು."

ಬೈಚ ಉಳಿಯಿಂದ ಗಾರೆ ಕೆರೆದು ತೂತು ಬಿಡಿಸಿದ. ಸಡಿಲವಾಗಿದ್ದ ಕೊಳವೆಯನ್ನು ಬಿಚ್ಚಿ ಮತ್ತೆ ಕೂಡಿಸಿದ. ಮೂರು ಸಲ ತುಂಬಿಸಿ, ಮೂರು ಸಲ ನೋಡಿದ. ನೀರು ಅಂಚಿನಲ್ಲಿ ನಿಂತಿತು.

"ಮದುವೆಗಿದುವೆ ಬೇಡ ಬುದ್ಧಿ," ಎಂದ. "ಅವರಿಬ್ಬರನ್ನು ಬಿಚ್ಚಿಸಿ, ಸಾಕು."

ಹಗ್ಗ ಬಿಚ್ಚಿದರು. ಕೇತಲದೇವಿ ಹತ್ತಿರ ಬಂದಳು. "ತಲೆಯ ಭಯ ಇಲ್ಲದಿದ್ದರೆ ಹೇಳುತ್ತಿದ್ದೆಯಾ?"

ಬೈಚ ಉಳಿಯನ್ನು ಕೆಳಗಿಟ್ಟ. "ಇಲ್ಲ ಅಮ್ಮಣ್ಣಿ."

"ಹೌದು ಎಂದಿದ್ದರೆ ಈಗಲೇ ಕಳಿಸಿಬಿಡುತ್ತಿದ್ದೆ," ಎಂದಳು. "ಅಪ್ಪಾಜಿ, ಪುರೋಹಿತರನ್ನು ಕರೆಸಿ."