ಮಾತಿನ ಚಾವಡಿಗೆ ಕಟ್ಟಿದ ಬೆಲೆ

"ಗುರುಗಳೇ, ಒಂದು ಲೌಕಿಕದ ಪ್ರಶ್ನೆ ಕೇಳಲೇ?" ಎಂದ ಶಿವಬಸಪ್ಪ. ಅವನು ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವನು. ಭಾನುವಾರಗಳಂದು ಮಠಕ್ಕೆ ಬಂದು ಗುರುವಿನ ಬಳಿ ಕೂರುವುದು ಅವನ ರೂಢಿ.

ಗುರು ತಲೆಯಾಡಿಸಿದರು.

"ಜನ ತಮ್ಮ ಸುದ್ದಿ, ತಮ್ಮ ಫೋಟೋ ಹಾಕಿಕೊಳ್ಳುವ ಒಂದು ಜಾಲತಾಣವಿದೆ. ಅದನ್ನು ನಡೆಸುವ ಕಂಪನಿ ಈ ವಾರ ಷೇರುಪೇಟೆಗೆ ಬಂದಿದೆ. ವರ್ಷದ ಲಾಭಕ್ಕೆ ಹೋಲಿಸಿದರೆ ಷೇರಿನ ಬೆಲೆ ನೂರು ಪಟ್ಟಿಗೂ ಮೇಲೆ. ಅದಕ್ಕೆ ಗಿರಣಿಯಿಲ್ಲ, ಗೋದಾಮಿಲ್ಲ, ಮಾರುವ ಸರಕಿಲ್ಲ. ಆದರೂ ಕೊಳ್ಳಲು ಜನ ಮುಗಿಬಿದ್ದಿದ್ದಾರೆ. ನಾನೂ ಉಳಿತಾಯದ ಹಣ ಹಾಕಬೇಕೆಂದಿದ್ದೇನೆ. ಅದು ಆ ಬೆಲೆಗೆ ತಕ್ಕದ್ದೇ?"

ಗುರು ಒಂದು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಬೆಲೆ ಕಟ್ಟುವವನೊಬ್ಬನಿದ್ದ. ಮನೆ, ಹೊಲ, ಎತ್ತು, ಒಡವೆ, ಯಾವುದನ್ನು ಮಾರುವುದಿದ್ದರೂ ಜನ ಅವನನ್ನು ಕರೆಯುತ್ತಿದ್ದರು. ಮಾರುವವನ ಕಡೆಗೂ ವಾಲದೆ ಕೊಳ್ಳುವವನ ಕಡೆಗೂ ವಾಲದೆ ಅವನು ಒಂದು ಮಾತು ಹೇಳುತ್ತಿದ್ದ. ಆ ಮಾತಿಗೆ ಎರಡಿರಲಿಲ್ಲ. ಅವನ ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ದಿನವಿಡೀ ಬೇರೆಯವರ ಮನೆಗಳನ್ನು ಅಳೆದು ಬಂದು ತನ್ನ ಮನೆಯಲ್ಲಿ ಒಬ್ಬನೇ ಉಣ್ಣುತ್ತಿದ್ದ. ಒಬ್ಬನಿಗೆಂದು ಇಟ್ಟ ಅನ್ನ ಒಂದು ದಿನವೂ ಹದವಾಗಿ ಬೇಯಲಿಲ್ಲ.

ಅದೇ ಪಟ್ಟಣದ ಒಬ್ಬ ವ್ಯಾಪಾರಿ ಪೇಟೆಯ ನಡುವೆ ದೊಡ್ಡದೊಂದು ಚಾವಡಿ ಕಟ್ಟಿಸಿದ್ದ. ಯಾರು ಬೇಕಾದರೂ ಬಂದು ಕೂರಬಹುದು, ನಡುವಿನ ಕಲ್ಲಿನ ಮೇಲೆ ನಿಂತು ತನ್ನ ಸುದ್ದಿ ಹೇಳಬಹುದು. ಅದಕ್ಕೆ ಕಾಸು ಕೊಡಬೇಕಾಗಿರಲಿಲ್ಲ. ಇಬ್ಬರು ಮಾತಾಡಿದ ಮೇಲೆ ಎಣ್ಣೆ ಅಂಗಡಿಯ ಆಳೋ ಬಟ್ಟೆ ಅಂಗಡಿಯ ಆಳೋ ಎದ್ದು ತಮ್ಮ ಸರಕಿನ ಹೆಸರು ಕೂಗುತ್ತಿದ್ದ. ಹಾಗೆ ಕೂಗಲು ಅಂಗಡಿಯವರು ಕೊಡುವ ಬಾಡಿಗೆಯೇ ಚಾವಡಿಯ ವರಮಾನ. ಅದು ಹೇಳಿಕೊಳ್ಳುವಂಥದ್ದೇನೂ ಅಲ್ಲ. ಆದರೆ ಮೂರು ವರ್ಷ ಕಳೆಯುವುದರೊಳಗೆ ಅರ್ಧ ಪಟ್ಟಣ ಅಲ್ಲಿ ಕೂರತೊಡಗಿತ್ತು.

ಆಗ ವ್ಯಾಪಾರಿ ಚಾವಡಿಯನ್ನು ಸಾವಿರ ಪಾಲು ಮಾಡಿ ಮಾರುವುದಾಗಿ ಡಂಗುರ ಹೊಡೆಸಿದ. ಬೆಲೆ ಕೇಳಿ ಜನ ಮೂಗಿನ ಮೇಲೆ ಬೆರಳಿಟ್ಟರು. ಅಷ್ಟು ಹಣಕ್ಕೆ ಬಟ್ಟೆ ಅಂಗಡಿಗಳ ಬೀದಿಯನ್ನೇ ಕೊಳ್ಳಬಹುದಿತ್ತು. ಆದರೂ ಆಸೆ ಬಿಡಲಿಲ್ಲ. ವರ್ತಕರು ಕೆಲವರು ಸೇರಿ ಬೆಲೆ ಕಟ್ಟುವವನನ್ನು ಕರೆಸಿದರು. ಅವರಲ್ಲಿ ಇಬ್ಬರು ಹಿರಿಯರ ಹೊಲ ಮಾರಿ ಪಾಲು ಕೊಳ್ಳಲು ಸಿದ್ಧರಾಗಿದ್ದರು. "ನೀವು ನೋಡಿ ಬನ್ನಿ. ನೀವು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ" ಎಂದರು.

ಅವನು ಹೋಗಿ ಕಂಬ ತಟ್ಟಿ ನೋಡಿದ, ನೆಲ ಅಳೆದ, ಮಾಡಿನ ಹೆಂಚು ಎಣಿಸಿದ. ಆಮೇಲೆ ವ್ಯಾಪಾರಿಯನ್ನು ಕೇಳಿದ:

"ಇದೆಲ್ಲ ಸೇರಿದರೂ ನೀವು ಹೇಳುವ ಬೆಲೆಯ ನೂರರಲ್ಲೊಂದು ಭಾಗ ಆಗುವುದಿಲ್ಲ. ಉಳಿದದ್ದು ಎಲ್ಲಿದೆ, ತೋರಿಸಿ."

"ಅದೋ, ಕೂತಿದ್ದಾರಲ್ಲ."

"ಅವರೇನು ನಿಮ್ಮ ಆಳುಗಳೇ? ನಾಳೆ ಎದ್ದು ಹೋದರೆ?"

"ಹೋಗುವುದಿಲ್ಲ. ನನ್ನ ಮಾತು ನಂಬಬೇಡಿ. ಅವರ ನಡುವೆ ಏಳು ದಿನ ಕೂತು ನೀವೇ ನೋಡಿ."

ಮಾತು ನ್ಯಾಯವಾಗಿ ಕಂಡಿತು. ಅವನು ಮರುದಿನದಿಂದ ಹೋಗಿ ಕೂತ.

ಒಬ್ಬ ಕಲ್ಲಿನ ಮೇಲೆ ನಿಂತು ತಾನು ಹೊಸ ಗಾಡಿ ಕೊಂಡೆನೆಂದ. ಕೂತವರು ಚಪ್ಪಾಳೆ ತಟ್ಟಿದರು. ಇನ್ನೊಬ್ಬ ತನ್ನ ತಮ್ಮ ಮೋಸ ಮಾಡಿದನೆಂದ. ಕೂತವರು ಅಯ್ಯೋ ಎಂದು ಲೊಚಗುಟ್ಟಿದರು. ಎಣ್ಣೆಯವನು ಕೂಗಿದ. ಮುಂದಿನವನು ಎದ್ದ. ಮುದುಕಿಯೊಬ್ಬಳು, ಬಳೆ ಮಾರುವವಳು, ದಿನವೂ ತಪ್ಪದೆ ಮೊಮ್ಮಗನ, ಮಗಳ ಮಗನ, ಸುದ್ದಿ ಹೇಳುತ್ತಿದ್ದಳು. ಒಂದು ದಿನ ಅವನಿಗೆ ಹಲ್ಲು ಬಂದಿತ್ತು, ಇನ್ನೊಂದು ದಿನ ಗೋಡೆ ಹಿಡಿದು ನಿಂತಿದ್ದ. ಅವಳಿಗೆ ಬೀಳುವಷ್ಟು ಚಪ್ಪಾಳೆ ಬೇರೆಯವರಿಗೆ ಬೀಳುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಲೆ ಕಟ್ಟುವವನೂ ಎದ್ದು ನಿಂತ. ಪರೀಕ್ಷೆಗೆಂದು ನಿಲ್ಲುತ್ತಿದ್ದೇನೆ ಎಂದುಕೊಂಡೇ ನಿಂತ. ಆದರೆ ಬಾಯಿಂದ ಬಂದದ್ದು, "ನನ್ನ ಹೆಂಡತಿ ಹೋಗಿ ಹನ್ನೊಂದು ತಿಂಗಳಾಯಿತು" ಎಂಬ ಮಾತು. ಇಡೀ ಚಾವಡಿ ಲೊಚಗುಟ್ಟಿತು. ನಾನೂರು ನಾಲಿಗೆಗಳ ಸದ್ದು ಒಟ್ಟಿಗೆ ಕೇಳಿತು. ಅವನ ಎದೆ ಹಗುರವಾಯಿತು. ಹನ್ನೊಂದು ತಿಂಗಳಲ್ಲಿ ಅವನು ಆ ಮಾತನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಕೆಳಗಿಳಿದು ಕೂರುವಷ್ಟರಲ್ಲಿ ಮುಂದಿನವನು ತನ್ನ ಎತ್ತಿನ ಸುದ್ದಿ ಶುರುಮಾಡಿದ್ದ.

ಮರುದಿನ ಅವನು ಬೇಗ ಹೋದ. ಯಾರಾದರೂ ಬಂದು, ಅವಳ ಹೆಸರೇನು, ಏನಾಗಿತ್ತು ಎಂದು ಕೇಳಬಹುದೆಂದು ಕಾದ. ಯಾರೂ ಕೇಳಲಿಲ್ಲ. ಅದರ ಮರುದಿನವೂ ಕಾದ. ಏಳು ದಿನ ಮುಗಿದವು. ವರ್ತಕರು ಹೇಳಿಕಳಿಸಿದರು. "ಇನ್ನೂ ನೋಡುವುದಿದೆ" ಎಂದು ಉತ್ತರ ಕೊಟ್ಟು ಹೋಗುತ್ತಲೇ ಇದ್ದ. ಸಂಜೆ ಮನೆಗೆ ಬಂದಾಗ ಮನಸ್ಸು ಮೊದಲಿಗಿಂತ ಬರಿದಾಗಿರುತ್ತಿತ್ತು. ಬೆಳಗಾಗುತ್ತಲೇ ಕಾಲು ತಾನಾಗಿ ಅತ್ತ ಎಳೆಯುತ್ತಿತ್ತು. ಹೀಗೆ ಇಪ್ಪತ್ತು ದಿನಗಳಾದವು.

ಇಪ್ಪತ್ತೊಂದನೆಯ ದಿನ ಬಳೆ ಮಾರುವ ಮುದುಕಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವನು ಅಕ್ಕಪಕ್ಕದವರನ್ನು ವಿಚಾರಿಸಿದ. ಅವಳ ಮೊಮ್ಮಗನಿಗೆ ಎಷ್ಟು ಹಲ್ಲೆಂಬುದು ಎಲ್ಲರಿಗೂ ಗೊತ್ತಿತ್ತು. ಅವಳ ಮನೆ ಯಾವ ಕೇರಿಯಲ್ಲಿದೆಯೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಬಳೆ ಅಂಗಡಿಯಲ್ಲಿ ಕೇಳಿ ತಿಳಿದು, ಮೂರನೆಯ ದಿನ ಬೆಳಿಗ್ಗೆ ಕುಂಬಾರಗೇರಿಯ ತುದಿಗೆ ಹೋದ. ಪಕ್ಕದ ಮನೆಯವನು ಅಂಗಳದಲ್ಲಿ ಮಡಕೆ ತಟ್ಟುತ್ತಿದ್ದ. ಅವನನ್ನೂ ಚಾವಡಿಯಲ್ಲಿ ಕಂಡ ನೆನಪಿತ್ತು.

"ಎರಡು ದಿನದಿಂದ ಅವಳ ಕದ ತೆಗೆದಿಲ್ಲ. ಚಾವಡಿಯಲ್ಲಿರಬಹುದು ಅಂದುಕೊಂಡೆ" ಎಂದ ಕುಂಬಾರ.

ಬೆಲೆ ಕಟ್ಟುವವನು ಕದ ತಟ್ಟಿದ. ಒಳಗಿನಿಂದ ಕೆಮ್ಮು ಕೇಳಿತು. ದೂಡಿಕೊಂಡು ಹೋದ. ಮುದುಕಿ ಜ್ವರದಲ್ಲಿ ಮಲಗಿದ್ದಳು. ಹಂಡೆಯಲ್ಲಿ ನೀರಿರಲಿಲ್ಲ.

"ಯಾರಪ್ಪಾ ನೀನು?"

"ಚಾವಡಿಯಲ್ಲಿ ನಿಮ್ಮ ಹಿಂದೆ ಕೂರುತ್ತೇನಮ್ಮ. ಹೆಂಡತಿ ಹೋದಳು ಎಂದು ಹೇಳಿದೆನಲ್ಲ, ಅವನು."

"ಅಲ್ಲಿ ಎಷ್ಟೋ ಜನರ ಹೆಂಡತಿಯರು ಹೋಗಿದ್ದಾರೆ" ಎಂದಳು ಅವಳು. ಕುಚೋದ್ಯಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ನೆನಪಿರಲಿಲ್ಲ.

ಅವನು ನೀರು ತಂದ, ಒಲೆ ಹಚ್ಚಿ ಗಂಜಿ ಕಾಸಿದ. ಅವಳು ನಾಲ್ಕು ಗುಟುಕು ಕುಡಿದು ಚೇತರಿಸಿಕೊಂಡ ಮೇಲೆ, "ಮಗಳಿಗೆ ಹೇಳಿಕಳಿಸಲೇ? ಮೊಮ್ಮಗನೂ ಬಂದಾನು" ಎಂದ.

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಮಗುವನ್ನು ನಾನು ನೋಡಿಲ್ಲಪ್ಪಾ. ಹುಟ್ಟಿತು ಎಂದು ಯಾರೋ ಹೇಳಿದರು, ಅಷ್ಟೇ. ಇಷ್ಟು ತಿಂಗಳಿಗೆ ಹಲ್ಲು ಬರುತ್ತದೆ, ಇಷ್ಟಕ್ಕೆ ನಿಲ್ಲುತ್ತದೆ. ಲೆಕ್ಕ ಹಿಡಿದು ಹೇಳುತ್ತೇನೆ."

ಅವನು ಲೊಚಗುಟ್ಟಲಿಲ್ಲ. ಬಟ್ಟಲಿಗೆ ಇನ್ನಷ್ಟು ಗಂಜಿ ಬಗ್ಗಿಸಿ ಕೊಟ್ಟ. ಆಮೇಲೆ ಅವಳೇ ಕೇಳಿದಳು: "ನಿನ್ನ ಹೆಂಡತಿಯ ಹೆಸರೇನು?" ಅವನು ಹೆಸರು ಹೇಳಿದ.

ಮೂರು ದಿನ ಅವನು ಅಲ್ಲಿಗೇ ಹೋಗಿಬಂದ. ಆ ಮೂರು ದಿನವೂ ಅವನಿಗೆ ಚಾವಡಿಯ ನೆನಪಾಗಲಿಲ್ಲ.

ನಾಲ್ಕನೆಯ ದಿನ ಹೋದಾಗ ಮುದುಕಿ ತಲೆ ಬಾಚಿಕೊಂಡು ಹೊಸಿಲಲ್ಲಿ ನಿಂತಿದ್ದಳು. "ಬಾರಪ್ಪಾ, ಚಾವಡಿಗೆ ಹೋಗೋಣ. ಜ್ವರ ಬಂದದ್ದು ಹೇಳಬೇಕು, ಜನ ಏನೆಂದುಕೊಂಡರೋ" ಎಂದಳು. ನನಗೇ ಹೇಳಿ, ಇಲ್ಲೇ ಕೂರೋಣ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಆಡಲಿಲ್ಲ. ಅವಳ ಜೊತೆ ನಡೆದ. ಬಾಗಿಲು ದಾಟಿದ ಮೇಲೆ ಅವಳು ಅವಳ ಜಾಗಕ್ಕೆ ಹೋದಳು, ಇವನು ಇವನ ಜಾಗಕ್ಕೆ ಹೋದ.

ಅವಳು ಕಲ್ಲಿನ ಮೇಲೆ ನಿಂತು ಜ್ವರದ ಸುದ್ದಿ ಹೇಳಿದಳು. ಒಬ್ಬ ಪುಣ್ಯಾತ್ಮ ಬಂದು ನೀರು ಕೊಟ್ಟನೆಂದಳು. ಚಾವಡಿ ಲೊಚಗುಟ್ಟಿತು. ಆ ಸದ್ದಿನಲ್ಲಿ ತನ್ನ ನಾಲಿಗೆಯ ಸದ್ದೂ ಸೇರಿದ್ದು ಅವನಿಗೆ ಕೇಳಿತು. ಅವನು ಬೆಚ್ಚಿದ. ಎದ್ದು ಹೊರಗೆ ಬಂದ. ನೆಟ್ಟಗೆ ವರ್ತಕರ ಬಳಿಗೆ ಹೋಗಿ, "ಬೆಲೆ ಹೆಚ್ಚಲ್ಲ. ಕೊಳ್ಳಿ" ಎಂದ.

"ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?"

"ಏಳು ದಿನವೆಂದು ಹೋದವನು ಇಪ್ಪತ್ತಾರು ದಿನ ಕಳೆದೆ. ನಡುವೆ ಮೂರು ದಿನ ಮಾತ್ರ ಹೋಗಬೇಕೆನಿಸಲಿಲ್ಲ."

"ಆ ಮೂರು ದಿನ ಏನಾಗಿತ್ತು?"

"ಒಬ್ಬರ ಮನೆಗೆ ಹೋಗಿದ್ದೆ."

ವರ್ತಕರಿಗೆ ಅದು ಮುಖ್ಯವೆನಿಸಲಿಲ್ಲ. ಅಂದೇ ಪಾಲುಗಳನ್ನು ಕೊಂಡರು. ಹೊಲ ಮಾರುವವರು ಹೊಲ ಮಾರಿದರು.

ಆ ಸಂಜೆ ಅವನು ಕುಂಬಾರಗೇರಿಯ ತುದಿಯವರೆಗೆ ನಡೆದ. ಮುದುಕಿಯ ಕದಕ್ಕೆ ಬೀಗವಿತ್ತು. ಅವಳಿನ್ನೂ ಚಾವಡಿಯಲ್ಲಿದ್ದಳು. ಪಕ್ಕದ ಕುಂಬಾರನ ಅಂಗಳವೂ ಖಾಲಿಯಿತ್ತು. ಕೇರಿಯ ಉದ್ದಕ್ಕೂ ಒಂದು ಮನೆಯ ಬಾಗಿಲೂ ತೆರೆದಿರಲಿಲ್ಲ. ಅವನು ಸ್ವಲ್ಪ ಹೊತ್ತು ಅಲ್ಲಿ ನಿಂತಿದ್ದ. ಆಮೇಲೆ ಹೋಗಲು ಬೇರೆ ಜಾಗ ತೋಚದೆ ಚಾವಡಿಯ ಕಡೆಗೆ ಹೆಜ್ಜೆ ಹಾಕಿದ.

ಗುರು ಕತೆ ನಿಲ್ಲಿಸಿದರು. ಶಿವಬಸಪ್ಪ ಕೇಳಿದ: "ಪಾಲು ಕೊಂಡವರಿಗೆ ಲಾಭವಾಯಿತೇ?"

"ಬಹಳ ಲಾಭವಾಯಿತು."

"ಹಾಗಾದರೆ ನಾನೂ ಕೊಳ್ಳಬಹುದಲ್ಲವೇ?"

"ಕೊಳ್ಳಬಹುದು, ಆದರೆ ಕೊಂಡ ದಿನದಿಂದ, ಊರಿನಲ್ಲಿ ಯಾರೂ ಯಾರ ಕದವನ್ನೂ ತಟ್ಟದಿರಲಿ ಎಂದು ದಿನಾ ಬೇಡಿಕೊಳ್ಳುವುದೂ ನಿನ್ನ ಪಾಲಿಗೆ ಬರುತ್ತದೆ."